ಅಟ್ಟ ಹತ್ತಿದ ಟೈರುಗಳು

ಯಾವ ವಸ್ತುವನ್ನು ಕಂಡರೂ ಅದರ ವಯಸ್ಸೆಷ್ಟು ಎಂದು ಕೇಳಬೇಕೆನ್ನಿಸುವುದು ನನ್ನ ಚಾಳಿ. ಮನುಷ್ಯರ ವಯಸ್ಸು ಕೇಳಬಾರದೆಂದು ಮನೆಯಲ್ಲಿ ಹೇಳಿಕೊಟ್ಟಿದ್ದಾರೆ. ಕೊಡೆ, ಲಾಟೀನು, ಚಪ್ಪಲಿಗಳ ವಿಷಯದಲ್ಲಿ ಯಾರೂ ತಡೆದಿಲ್ಲ. ನನ್ನ ಡೈರಿಯ ಹಿಂಬದಿಯ ಪುಟಗಳಲ್ಲಿ ನಮ್ಮ ಲಾಟೀನು ಯಾವ ತಿಂಗಳಲ್ಲಿ ಮನೆಗೆ ಬಂತು, ಅದರ ಗಾಜು ಎಷ್ಟು ಸಲ ಒಡೆಯಿತು, ಯಾರ ಕೈಯಲ್ಲಿ ಒಡೆಯಿತು ಎಂಬುದೆಲ್ಲ ಇದೆ. ಈ ಕೊನೆಯ ವಿವರದ ದೆಸೆಯಿಂದ ಆ ಡೈರಿಗೆ ಮನೆಯಲ್ಲಿ ಅಷ್ಟು ಗೌರವವಿಲ್ಲ.

ಎತ್ತಿನ ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತದೆ, ಮರದ್ದು ಕಡಿದ ಮೇಲೆ ಸುತ್ತುಗಳಲ್ಲಿ. ಕೊಡೆಯ ವಯಸ್ಸನ್ನು ಅದರ ಬಟ್ಟೆಯೇ ಹೇಳುತ್ತದೆ: ಕಪ್ಪಾಗಿ ಬಂದದ್ದು ಮೂರನೆಯ ಮಳೆಗಾಲಕ್ಕೆ ಇಲಿಯ ಬಣ್ಣಕ್ಕೆ ತಿರುಗಿರುತ್ತದೆ. ಮನುಷ್ಯನಂತೂ ಕೇಳದಿದ್ದರೂ ಹೇಳುತ್ತಾನೆ, ಸ್ವಲ್ಪ ಕಡಿಮೆ ಮಾಡಿ. ರಬ್ಬರ್ ಟೈರು ಮಾತ್ರ ಏನನ್ನೂ ಹೇಳುವುದಿಲ್ಲ. ಹುಟ್ಟುವಾಗಲೂ ಕಪ್ಪು, ಸಾಯುವಾಗಲೂ ಕಪ್ಪು. ಅದು ಬಾಯಿ ಬಿಡುವುದು ಒಂದೇ ಸಲ. ಆಗ ಅದರ ಮಾತು ಅರ್ಧ ಮೈಲಿಗೆ ಕೇಳಿಸುತ್ತದೆ.

ನನಗೆ ಟೈರಿನ ಸಹವಾಸವಾದದ್ದು ಸೋದರಮಾವನಿಂದ. ಮಾವ ಸಾಗರದಲ್ಲಿ ಫೋಟೋಗ್ರಾಫರ್. ಅವರ ಸ್ಟುಡಿಯೋ ಪೇಟೆಯ ಬೀದಿಯಲ್ಲಿಲ್ಲ, ಎರಡು ಚಕ್ರಗಳ ಮೇಲಿದೆ. ಶರಾವತಿಯ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ಯಾರೋ ದೊಡ್ಡ ಇಂಜಿನಿಯರು ವಾಸಕ್ಕೆಂದು ತರಿಸಿಕೊಂಡಿದ್ದ ಕ್ಯಾರವಾನ್ ಅದು. ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ತಗಡಿನ ಮನೆ. ಒಳಗೆ ಮಲಗಲು ಹಲಗೆ, ಮಡಚುವ ಮೇಜು, ಮುಖ ತೊಳೆಯಲು ಒಂದು ಬೋಗುಣಿ. ಕೆಲಸ ಮುಗಿದು ಇಂಜಿನಿಯರು ಹೊರಟುಹೋದಾಗ ಮನೆ ಹರಾಜಿಗೆ ಬಂತು. ಮಾವ ಹರಾಜಿಗೆ ಹೋದದ್ದು ಒಂದು ಕುರ್ಚಿ ತರಲಿಕ್ಕೆ ಎಂದು ಅತ್ತೆ ಈಗಲೂ ಹೇಳುತ್ತಾರೆ. ಮಾವ ಅದಕ್ಕೆ, ಕುರ್ಚಿಯೂ ಒಳಗೇ ಇತ್ತಲ್ಲ, ಎನ್ನುತ್ತಾರೆ.

ಮಲಗುವ ಹಲಗೆಯ ಮೇಲೆ ಔಷಧದ ಬಾಟಲಿಗಳು ಬಂದವು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಮೇಲೆ ಒಳಗೆ ಫೋಟೋ ತೊಳೆಯುವ ಕತ್ತಲೆ ಸಿದ್ಧವಾಯಿತು. ಹೊರಗೆ ಕಟ್ಟಲು ಒಂದು ಪರದೆ. ಅದರಲ್ಲಿ ಅರಮನೆ, ಕೊಳ, ಎರಡು ಹಂಸ, ಎಲ್ಲಿಗೂ ಹೋಗದ ಮೆಟ್ಟಿಲು. ದೀಪಾವಳಿ ಕಳೆದ ಮೇಲೆ ಮೇ ತಿಂಗಳು ಮುಗಿಯುವವರೆಗೆ ಆನಂದಪುರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಂತೆಗಳಿಗೆಲ್ಲ ಈ ಮನೆ ಹೋಗಿ ಬರುತ್ತದೆ. ಜನ ಅದನ್ನು ಫೋಟೋ ಗಾಡಿ ಎನ್ನುತ್ತಾರೆ. ಕ್ಯಾರವಾನ್ ಎನ್ನುವವರು ಮಾವ ಒಬ್ಬರೇ, ಅದೂ ನಿಧಾನವಾಗಿ, ಎದುರಿನವರು ಇನ್ನೊಮ್ಮೆ ಕೇಳಲಿ ಎನ್ನುವ ಹಾಗೆ.

ನಾನು ವಾರವೆಲ್ಲ ಸಾಗರದ ಒಂದು ಕಚೇರಿಯಲ್ಲಿ ಕೂತು ಬರೆಯುವವನು. ಭಾನುವಾರಗಳಲ್ಲಿ ಮಾವನ ಜೊತೆ ಹೊರಡುತ್ತೇನೆ. ಲೆಕ್ಕ ಇಡುವ ಹುಡುಗ ಎಂದು ಅವರು ನನಗೆ ಟೈರುಗಳ ಉಸ್ತುವಾರಿ ವಹಿಸಿದರು. ಕ್ಯಾಮೆರಾದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಫೋಟೋಕ್ಕೆ ಬಂದವರ ವಯಸ್ಸು ಕೇಳುತ್ತೇನೆ ಎಂದು ನನ್ನ ಮೇಲೆ ದೂರು ಬಂದಿತ್ತು.

ಉಸ್ತುವಾರಿ ಸಿಕ್ಕ ಮೇಲೆ ನಾನು ಓದಿಗೆ ತೊಡಗಿದೆ. ಕ್ಯಾರವಾನಿನ ಮೇಜಿನ ಅರೆಯಲ್ಲಿ ಇಂಜಿನಿಯರು ಬಿಟ್ಟುಹೋದ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕವಿತ್ತು, ಟೈರುಗಳ ಪಾಲನೆಯ ಬಗ್ಗೆ. ಅದರ ಮೊದಲ ಮಾತೇ ನನ್ನನ್ನು ತಬ್ಬಿಬ್ಬು ಮಾಡಿತು. ಓಡುವ ಟೈರಿಗಿಂತ ನಿಂತ ಟೈರಿಗೆ ಬೇಗ ಮುಪ್ಪು ಬರುತ್ತದಂತೆ. ಓಡುವಾಗ ರಬ್ಬರು ಬಗ್ಗುತ್ತ, ಏಳುತ್ತ ತನ್ನೊಳಗಿನ ಮೇಣವನ್ನು ಮೈಮೇಲೆ ತಂದುಕೊಳ್ಳುತ್ತದೆ. ನಿಂತುಬಿಟ್ಟರೆ ಮೇಣ ಒಳಗೇ ಉಳಿದು ಹೊರಮೈ ಬಿರಿಯುತ್ತದೆ. ಆದ್ದರಿಂದ ಗಾಡಿ ಬಹಳ ದಿನ ನಿಲ್ಲುವುದಾದರೆ ಮರದ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಬೇಕು, ಟೈರಿನ ಮೇಲೆ ಭಾರ ಬೀಳಬಾರದು. ಗಾಳಿ ತುಂಬಿರಬೇಕು. ಬಿಸಿಲು ತಾಗಬಾರದು. ಎಣ್ಣೆ, ಗ್ರೀಸು ಸೋಕಬಾರದು. ಬಿಚ್ಚಿ ಇಡುವುದಾದರೆ ತಂಪಾದ, ಒಣಗಿದ, ಕತ್ತಲೆಯ ಜಾಗದಲ್ಲಿ ಇಡಬೇಕು. ಐದಾರು ವರ್ಷ ದಾಟಿದ ಟೈರನ್ನು, ಅದು ನೋಡಲು ಎಷ್ಟೇ ಚೆಂದ ಇರಲಿ, ನಂಬಬಾರದು.

ಇದನ್ನು ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕೂತು ಕನ್ನಡ ಮಾಡಿ ಓದಿ ಹೇಳಿದೆ. ಜೂನ್ ಹಿಡಿದಿತ್ತು. ಮನೆಯಲ್ಲಿ ಉಪ್ಪು ನೀರಾಗಿತ್ತು, ನನ್ನ ಚಪ್ಪಲಿಯ ಮೇಲೆ ಬೂಷ್ಟು ಬಂದಿತ್ತು. ಒಣಗಿದ ಜಾಗ ಎಂಬ ಮಾತು ಕೇಳಿ ಮಾವ ನಕ್ಕರು.

“ಆ ಪುಸ್ತಕ ಬರ್ದವ್ರು ಸಾಗರದ್ ಮಳೆ ನೋಡಿದಾರನಾ?”

ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಸಮಸ್ಯೆಯನ್ನು ಬಗೆಹರಿಸಿದರು. “ಕತ್ತಲೆ ಇರ್ಬೇಕು, ಒಣಗಿರ್ಬೇಕು ಅಂದ್ರೆ ಈ ಮನೇಲಿ ಒಂದೇ ಜಾಗ ಇರೋದು. ಒಲೆ ಮೇಲಿನ ಅಟ್ಟ.”

“ತಂಪು ಅಂತಲೂ ಬರೆದಿದೆ ಅತ್ತೆ” ಎಂದೆ.

“ಮಳೆಗಾಲದಲ್ಲಿ ತಂಪು ನಾವು ಹುಡ್ಕಬೇಕಾ ಮಾರಾಯ? ಅದೇ ನಮ್ಮನ್ನ ಹುಡ್ಕಂಡ್ ಬರ್ತದೆ.”

ನಮ್ಮ ಕಡೆ ಹಾಳಾಗಬಾರದ ವಸ್ತುವನ್ನೆಲ್ಲ ಹೊಗೆಗೆ ಒಪ್ಪಿಸುವುದು ರೂಢಿ. ಒಲೆಯ ಮೇಲೆ ಬಿದಿರು ಹಾಸಿದ ಅಟ್ಟ. ಅಲ್ಲಿ ಬಿತ್ತನೆಯ ಸೌತೆಕಾಯಿ, ಹೀರೆಯ ಬೀಜ, ಹೊಸದಾಗಿ ಹೆಣೆದ ಬುಟ್ಟಿ, ಹಪ್ಪಳದ ಡಬ್ಬ. ಹೊಗೆ ಕುಡಿದ ಬುಟ್ಟಿಗೆ ಹುಳ ಬೀಳುವುದಿಲ್ಲ, ಹೊಗೆ ಕುಡಿದ ಬೀಜ ಮುಗ್ಗುವುದಿಲ್ಲ. ಇಷ್ಟನ್ನು ಕಾಪಾಡಿದ ಹೊಗೆ ಮೂರು ಟೈರುಗಳನ್ನು ಕಾಪಾಡಲಾರದೆ? ಎರಡು ಚಕ್ರದವು, ಒಂದು ಸ್ಟೆಪ್ನಿ, ಮೂರೂ ಏಣಿ ಹತ್ತಿದವು. ಅಂದಿನ ಡೈರಿಯಲ್ಲಿ ನಾನು ‘ಸೂಕ್ತ ಸ್ಥಳ ದೊರಕಿತು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಪುಸ್ತಕ ಬರೆದವರನ್ನು ದೂರುವಂತಿಲ್ಲ. ಅವರ ಊರಿನಲ್ಲಿ ಯಾರೂ ಟೈರನ್ನು ಒಲೆಯ ಮೇಲೆ ಏರಿಸಿರಲಿಕ್ಕಿಲ್ಲ. ಏರಿಸಬಾರದು ಎಂದು ಬರೆಯಬೇಕೆಂದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ.

ಪ್ರತಿ ಮಳೆಗಾಲಕ್ಕೆ ಟೈರುಗಳು ಹತ್ತಿದವು, ನವರಾತ್ರಿಯ ಹೊತ್ತಿಗೆ ಇಳಿದವು. ಇಳಿದಾಗ ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಂಗಡಿಯಲ್ಲಿದ್ದಾಗಿನದಕ್ಕಿಂತ ಕಪ್ಪಗೆ ಹೊಳೆಯುತ್ತಿದ್ದವು. ಅತ್ತೆಗೆ ಹೆಮ್ಮೆ. ಮಾವ ಒಂದು ಟೈರನ್ನು ನಿಲ್ಲಿಸಿ, ಅದರ ಮೇಲ್ಮೈಯ ಉಬ್ಬುಗಳ ಮೇಲೆ ಕೈಯಾಡಿಸುತ್ತಿದ್ದರು. ನೆಲ ಹಿಡಿಯುವ ಆ ಉಬ್ಬುಗಳಿಗೆ ನಮ್ಮ ಡ್ರೈವರುಗಳು ಬಟನ್ ಎನ್ನುತ್ತಾರೆ. ಬಟನ್ ಇರುವತನಕ ಟೈರು ಇದೆ ಎಂಬುದು ಅವರ ಶಾಸ್ತ್ರ. ವರ್ಷದ ಅರ್ಧ ಕಾಲ ಅಟ್ಟದಲ್ಲಿ ಮಲಗಿ, ಉಳಿದರ್ಧ ವಾರಕ್ಕೆರಡು ಸಲ ಸಂತೆಗೆ ಹೋಗುವ ಟೈರಿನ ಬಟನ್ ಸವೆಯುವುದು ಹೇಗೆ?

“ನೋಡು ಅಳಿಯ, ಒಂದೂ ಸವೆದಿಲ್ಲ. ನಿನ್ನ ಮದುವೆ ದಿಬ್ಬಣಕ್ಕೂ ಇದೇ ಟೈರು.”

ನನ್ನ ಮದುವೆಯ ದಿನಾಂಕ ಗೊತ್ತಿಲ್ಲದ್ದರಿಂದ ನಾನು ಅದನ್ನು ಬರೆದುಕೊಳ್ಳಲಿಲ್ಲ.

ಟೈರಿನ ಬಗ್ಗೆ ಊರಿನಲ್ಲಿ ಅಭಿಪ್ರಾಯವಿಲ್ಲದವರು ಇಲ್ಲ. ಗಾಡಿ ಮಾಡುವ ಆಚಾರಿಯೊಬ್ಬರು ಬೇಸಿಗೆಯಲ್ಲಿ ಟೈರುಗಳನ್ನು ಕೆರೆಯಲ್ಲಿ ಮುಳುಗಿಸಿಡಲು ಹೇಳಿದರು. ಎತ್ತಿನಗಾಡಿಯ ಚಕ್ರದ ಮರ ಬಿಸಿಲಿಗೆ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾದರೆ ಅವರು ಹಾಗೆ ಮಾಡುತ್ತಾರೆ. ಚಪ್ಪಲಿ ಹೊಲಿಯುವವರು ಹರಳೆಣ್ಣೆ ಎಂದರು. ಮನೆಗೆ ಬಣ್ಣ ಬಳಿಯುವವನು ಸುಣ್ಣ ಬಳಿದರೆ ಬಿಸಿಲು ತಾಗದು ಎಂದ. ಇದರಲ್ಲಿ ಸ್ವಲ್ಪ ಸತ್ಯವಿರಬಹುದು, ಆದರೆ ಬಿಳಿಯ ಟೈರು ಕಟ್ಟಿಕೊಂಡು ಸಂತೆಗೆ ಹೋಗಲು ಮಾವ ಒಪ್ಪಲಿಲ್ಲ. ಪುರಾಣದಲ್ಲಾದರೂ ಏನಾದರೂ ಸಿಕ್ಕೀತೇ ಎಂದು ನೋಡಿದೆ. ರಥದ ಕುದುರೆಗಳಿಗೆ ಹೆಸರಿದೆ, ಬಾವುಟಕ್ಕೆ ಲಾಂಛನವಿದೆ, ಸಾರಥಿಗೆ ವಂಶಾವಳಿಯಿದೆ. ಹಳೆಯದಾಯಿತೆಂದು ಮುಂಚೆಯೇ ಯೋಚಿಸಿ ಚಕ್ರ ಬದಲಾಯಿಸಿದ ಪ್ರಸಂಗ ಮಾತ್ರ ನಾನು ಓದಿದಷ್ಟರಲ್ಲಿ ಎಲ್ಲಿಯೂ ಇಲ್ಲ. ದೊಡ್ಡ ದೊಡ್ಡ ಸೋಲುಗಳ ಕಾರಣ ಬಹುಶಃ ಅಲ್ಲೇ ಇದ್ದೀತು.

ಕಳೆದ ನವರಾತ್ರಿಯಲ್ಲಿ ಟೈರುಗಳು ಇಳಿದಾಗ ನನಗೆ ಅನುಮಾನ ಬಂತು. ಪುಸ್ತಕದಲ್ಲಿ ಹೇಳಿದಂತೆ ಹೆಬ್ಬೆರಳಿನ ಉಗುರನ್ನು ಟೈರಿನ ಪಕ್ಕಕ್ಕೆ ಒತ್ತಿದೆ. ಹೊಸ ರಬ್ಬರಿನಲ್ಲಿ ಉಗುರಿನ ಗುರುತು ಮೂಡಿ ಮಾಯವಾಗಬೇಕು. ಇಲ್ಲಿ ನನ್ನ ಉಗುರೇ ಮಡಚಿತು. ಮಸಿ ಒರೆಸಿ ಬೆಳಕಿಗೆ ಹಿಡಿದರೆ ಪಕ್ಕದ ಗೋಡೆಯಲ್ಲಿ, ಚಳಿಗಾಲದ ಹಿಮ್ಮಡಿಯ ಹಾಗೆ, ಕೂದಲೆಳೆಯಂಥ ಬಿರುಕುಗಳು. ನಾವು ಸಾಕಿದ ಮಳೆಗಾಲಗಳನ್ನು ಎಣಿಸಿದರೆ ನಾಲ್ಕು; ಅದಕ್ಕೂ ಮುಂಚಿನದು ಇಂಜಿನಿಯರಿಗೇ ಗೊತ್ತು. ಮಾವನಿಗೆ ಹೇಳಿದೆ. ಅವರು ಬಟನ್ ತೋರಿಸಿದರು. ನಾನು ಬಿರುಕು ತೋರಿಸಿದೆ. ಅವರು ಇನ್ನೊಮ್ಮೆ ಬಟನ್ ತೋರಿಸಿದರು.

“ಈ ಸಲ ದೇವಮ್ಮನ ಫೋಟೋ ಒಂದು ಮುಗೀಲಿ. ಆಮೇಲೆ ನೋಡಣ” ಎಂದರು.

ದೇವಮ್ಮನ ವಿಷಯ ಹೇಳಬೇಕು. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಬದಿಯ ಒಂದು ಊರಿನ ಮುದುಕಿ. ಎರಡು ಗಂಡುಮಕ್ಕಳು. ಹಿರಿಯಣ್ಣ ಹೊಸನಗರದಲ್ಲಿ ಬಟ್ಟೆಯ ಅಂಗಡಿ ಇಟ್ಟವರು. ಸಣ್ಣಪ್ಪ ಊರಿನಲ್ಲಿ ಬೇಸಾಯ ಮಾಡಿಕೊಂಡು ತಾಯಿಯ ಜೊತೆಗಿರುವವರು. ಅಣ್ಣತಮ್ಮಂದಿರಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಇಬ್ಬರಿಗೂ ಚೆನ್ನಾಗಿ ನೆನಪಿತ್ತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ದೇವಮ್ಮ ಹಿಂದಿನ ವರ್ಷ ಹೊಸನಗರದ ಸಂತೆಯಲ್ಲಿ ನಮ್ಮ ಗಾಡಿಯ ಮುಂದೆ ಬಂದು ನಿಂತು, ತನಗೆ ಇಬ್ಬರು ಮಕ್ಕಳೊಂದಿಗೆ ಒಂದು ಫೋಟೋ ಬೇಕು ಎಂದಿದ್ದರು. ಇಬ್ಬರೂ ಒಟ್ಟಿಗೆ ಬರುವುದಿಲ್ಲವಾದರೆ ಬೇರೆ ಬೇರೆ ತೆಗೆದುಕೊಡುತ್ತೇನೆ ಎಂದು ಮಾವ ಹೇಳಿದರು.

“ಬೇಡ. ಗೋಡೆಗೆ ಎರಡು ಮೊಳೆ ಹೊಡಿಯಕ್ಕೆ ನಂಗೆ ಮನಸ್ಸಿಲ್ಲ” ಎಂದು ಹೋದರು.

ಹಿರಿಯಣ್ಣನನ್ನು ಒಪ್ಪಿಸಲು ಅವರಿಗೆ ಒಂದು ವರ್ಷ ಹಿಡಿಯಿತು. ಒಪ್ಪಿಗೆ ಬಂದದ್ದು ಕರಾರಿನ ಜೊತೆ. ಒಂದು ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಅಂಗಳದಲ್ಲಿ ಕೂರುತ್ತೇನೆ, ಅದೇ ಬಸ್ಸು ಮಧ್ಯಾಹ್ನ ತಿರುಗಿ ಬಂದಾಗ ಹತ್ತಿ ಹೋಗುತ್ತೇನೆ. ಕಾಫಿ ಕೊಡಬೇಡಿ. ಫೋಟೋದವರು ಬರದೆ ಹೋದರೆ ಇನ್ನೊಂದು ಸಲ ಕರೆಯಬೇಡಿ. ತಾಯಿ ಇದನ್ನೆಲ್ಲ ಒಪ್ಪಿಕೊಂಡು ನಮಗೆ ಹೇಳಿಕಳಿಸಿದ್ದರು.

ಆ ಭಾನುವಾರ ನಾವು ಬಾಡಿಗೆಯ ಜೀಪಿಗೆ ಗಾಡಿ ಕಟ್ಟಿ ಕತ್ತಲಿರುವಾಗಲೇ ಸಾಗರ ಬಿಟ್ಟೆವು. ಹೊಸನಗರ ದಾಟಿ ಸ್ವಲ್ಪ ದೂರ ಹೋಗಿದ್ದೇವೆ. ರಸ್ತೆ ಕಿರಿದು, ಎರಡೂ ಬದಿಗೆ ಮರ. ದೇವಮ್ಮನ ಊರಿಗೆ ಇನ್ನೊಂದು ಮೈಲಿ ಇರಬಹುದು. ಎಡಗಡೆಯ ಟೈರು ಅಲ್ಲಿ ಬಾಯಿ ಬಿಟ್ಟಿತು. ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. ಕ್ಯಾರವಾನ್ ಒಂದು ಕಡೆಗೆ ವಾಲಿ, ಜೀಪನ್ನು ಹಿಂದಕ್ಕೆ ಜಗ್ಗಿ, ರಸ್ತೆಗೆ ಅಡ್ಡಡ್ಡವಾಗಿ ನಿಂತಿತು. ಒಳಗೆ ಬಾಟಲಿಗಳು ಒಂದರ ಹಿಂದೆ ಒಂದರಂತೆ ಬೀಳುವುದು ಕೇಳಿಸಿತು.

ಇಳಿದು ನೋಡಿದರೆ ಟೈರಿನ ಪಕ್ಕದ ಗೋಡೆ ಮೊಳದುದ್ದ ಸೀಳಿತ್ತು. ಬಟನ್ ಒಂದೂ ಸವೆದಿರಲಿಲ್ಲ. ಮಾವ ಸ್ವಲ್ಪ ಹೊತ್ತು ಬಟನ್‌ಗಳನ್ನೇ ನೋಡುತ್ತ ನಿಂತರು.

ಸ್ಟೆಪ್ನಿ ತೆಗೆದೆವು. ಜಾಕಿ ಕೊಟ್ಟು ಎತ್ತಿ, ಚಕ್ರ ಬದಲಾಯಿಸಿ, ನಾನು ಬೆವರು ಇಳಿಯುವವರೆಗೆ ಗಾಳಿ ಹೊಡೆದೆ. ಇದು ಒಂದು ಮೈಲಿಯೂ ಓಡದ ಟೈರು; ಮಳೆಗಾಲದಲ್ಲಿ ಅಟ್ಟದ ಮೇಲೆ, ಉಳಿದ ಕಾಲ ಕ್ಯಾರವಾನಿನ ಬೆನ್ನಿಗೆ ಬಿಸಿಲಿನಲ್ಲಿ. ಜಾಕಿ ಇಳಿಸಿದಾಗ ಅದು ಭಾರ ಹೊತ್ತಿತು. ಮಾವ ನನ್ನ ಕಡೆ ನೋಡಿದರು. ಆ ಹೊತ್ತಿಗೆ ಟೈರಿನ ಪಕ್ಕದಲ್ಲಿ ಮುಗುಳ್ನಗೆಯಂಥ ಒಂದು ಗೆರೆ ಮೂಡಿತು. ಗೆರೆ ಅಗಲವಾಯಿತು. ಒಳಗಿನ ಟ್ಯೂಬು ಅದರಿಂದ ಹೊರಗೆ ಇಣುಕಿ, ಗುಳ್ಳೆಯಾಗಿ, ಒಡೆಯಿತು. ಓಡಿದ್ದೂ ಹೋಯಿತು, ಓಡದ್ದೂ ಹೋಯಿತು.

“ನಿನ್ನ ಪುಸ್ತಕದಲ್ಲಿ ಇದಕ್ಕೆ ಎಂತ ಬರ್ದಿದೆ?” ಎಂದು ಮಾವ ಕೇಳಿದರು. ಇದಕ್ಕೆ ಏನೂ ಬರೆದಿರಲಿಲ್ಲ.

ಜೀಪಿನವನು ಕೊಂಡಿ ಬಿಚ್ಚಿ, ಟೈರು ಹುಡುಕಿ ತರಲು ತೀರ್ಥಹಳ್ಳಿಯ ಕಡೆಗೆ ಹೋದ ಮೇಲೆ ಹಿಂದೆ ಬಸ್ಸಿನ ಹಾರನ್ನು ಕೇಳಿಸಿತು. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬೆಳಗಿನ ಬಸ್ಸು. ಕಂಡಕ್ಟರು ಇಳಿದು ಬಂದು, ಗಾಡಿಯನ್ನು ಎಲ್ಲ ಕಡೆಯಿಂದ ನೋಡಿ, ಪ್ರಯಾಣಿಕರನ್ನು ಇಳಿಸಿದ. ಹತ್ತು ಹದಿನೈದು ಜನ ಸೇರಿ ಕ್ಯಾರವಾನನ್ನು ಬರಿಯ ಕಬ್ಬಿಣದ ಚಕ್ರದ ಮೇಲೆ ಉರುಳಿಸಿ ಪಕ್ಕಕ್ಕೆ ತಳ್ಳಿದರು. ಬಸ್ಸು ಹೊರಟಿತು. ಒಬ್ಬರು ಮಾತ್ರ ಹತ್ತಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರಟು, ಹೆಗಲ ಮೇಲೆ ಶಲ್ಯ, ಕಂಕುಳಲ್ಲಿ ಕೊಡೆ.

“ಇದೇನಾ ಫೋಟೋ ಗಾಡಿ?”

ಮಾವ ಕ್ಯಾರವಾನ್ ಎಂದು ತಿದ್ದಲಿಲ್ಲ. ಹೌದು ಎಂದರು.

“ನಾನು ಹಿರಿಯಣ್ಣ. ಫೋಟೋದವ್ರು ಮನೆಗೆ ಬಂದ್ರೆ ನಾನೂ ಬರ್ತೀನಿ ಅಂದಿದ್ದೆ. ನೀವು ಬಂದಿಲ್ಲ. ಬಸ್ಸು ವಾಪಸ್ ಬರ್ಲಿ, ಇಲ್ಲಿಂದ್ಲೇ ಹೋಗ್ತೀನಿ.”

“ಇನ್ನೊಂದು ಮೈಲಿ ಅಷ್ಟೇ” ಎಂದೆ ನಾನು.

“ನಾನು ದಾರಿ ಅಳ್ಯಕ್ಕೆ ಬಂದಿಲ್ಲ ತಮ್ಮಾ” ಎಂದು ಅವರು ಒಂದು ಕಲ್ಲಿನ ಮೇಲಿನ ಎಲೆ ಗುಡಿಸಿ ಕೂತರು. ಅವರ ಮುಖದಲ್ಲಿ ಕರಾರು ತಾನಾಗಿ ಮುರಿದುಬಿದ್ದ ನೆಮ್ಮದಿಯಿತ್ತು. ಮಾವ ನನ್ನ ಕಿವಿಯ ಹತ್ತಿರ, ಆ ಮುದುಕಿಗೆ ನಾನು ಹೇಗೆ ಮುಖ ತೋರಿಸಲಿ, ಎಂದರು.

ಆದರೆ ಬಸ್ಸಿನವರು ಮುಂದಿನ ಊರಿನಲ್ಲಿ ಸುದ್ದಿ ಹೇಳಿದ್ದರು. ಸ್ವಲ್ಪ ಹೊತ್ತಿಗೆ ಎತ್ತಿನಗಾಡಿಯೊಂದು ಬಂತು. ಹೊಡೆಯುತ್ತಿದ್ದವರು ಸಣ್ಣಪ್ಪ. ಹಿಂದೆ ಹುಲ್ಲಿನ ಮೇಲೆ ಹೊಸ ಸೀರೆ ಉಟ್ಟು ದೇವಮ್ಮ ಕೂತಿದ್ದರು. ಅಣ್ಣನನ್ನು ಕಂಡ ಸಣ್ಣಪ್ಪ ಕ್ಯಾರವಾನಿನ ಇನ್ನೊಂದು ಬದಿಗೆ ಹೋಗಿ ನಿಂತರು. ದೇವಮ್ಮ ಗಾಡಿಯಿಂದ ಇಳಿಯದೆ ಇಬ್ಬರನ್ನೂ ನೋಡಿದರು. ಒಂದು ವರ್ಷ ಓಡಾಡಿ ಕೂಡಿಸಿದ್ದು ಹೀಗೆ ರಸ್ತೆಯ ಪಕ್ಕದಲ್ಲಿ, ನಡುವೆ ಒಂದು ತಗಡಿನ ಮನೆ ಇಟ್ಟುಕೊಂಡು ನಿಂತಿತ್ತು.

ಮಾವ ಅವರ ಹತ್ತಿರ ಹೋಗಿ ವಿವರಣೆ ಕೊಡತೊಡಗಿದರು. “ಟೈರು ಜೋಪಾನವಾಗೇ ಇಟ್ಟಿದ್ವಿ ಅಮ್ಮ. ಮಳೆಗಾಲ ಪೂರ್ತಿ ಅಟ್ಟದ ಮೇಲೆ.”

“ಅಟ್ಟದ್ ಮೇಲಾ? ಟೈರನ್ನಾ?” ಎಂದು ಹಿರಿಯಣ್ಣ ಕಲ್ಲಿನ ಮೇಲಿಂದಲೇ ಕೇಳಿದರು. ಕೇಳಿದ್ದು ನನ್ನನ್ನು. “ಹರಳೆಣ್ಣೆ ಹಚ್ಚಿ ಇಡ್ಬೇಕಿತ್ತು. ನನ್ನ ಸೈಕಲ್ ಟೈರಿಗೆ ವರ್ಷಾ ವರ್ಷಾ ಹಚ್ತೀನಿ.”

ಕ್ಯಾರವಾನಿನ ಆಚೆಯಿಂದ ಸಣ್ಣಪ್ಪನ ದನಿ ಬಂತು. ಅದೂ ನನಗೇ. “ತಮ್ಮಾ, ಅವ್ರನ್ನ ಕೇಳು, ಆ ಸೈಕಲ್ ಹತ್ತಿ ಎಷ್ಟು ವರ್ಷ ಆಯ್ತು ಅಂತ.”

ನಾನು ಕೇಳಿದೆ.

“ಅವ್ನಿಗೆ ಹೇಳು, ಹತ್ತದಿದ್ರೂ ಟೈರು ಇನ್ನೂ ಮೆತ್ತಗಿದೆ ಅಂತ.”

ಹೇಳಿದೆ.

“ಮೆತ್ತಗಿರೋದಲ್ಲ, ಕೊಳ್ತಿರೋದು ಅನ್ನು. ಎಣ್ಣೆ ಕುಡಿದ ರಬ್ಬರು ಊದ್ಕಂತದೆ. ಅಟ್ಟದ್ದೇ ಸರಿ. ಇವ್ರು ಮಲಗ್ಸಿದಾರೆ, ನೇತ್ ಹಾಕ್ಬೇಕಿತ್ತು, ಅಷ್ಟೇ ತಪ್ಪು.”

ಎಣ್ಣೆಯ ವಿಷಯದಲ್ಲಿ ತಮ್ಮ ಸರಿ, ಅಟ್ಟದ ವಿಷಯದಲ್ಲಿ ಅಣ್ಣ ಸರಿ ಎಂದು ಹೇಳಲು ನಾನು ಜೇಬಿನಿಂದ ಪುಸ್ತಕ ತೆಗೆದೆ. ಯಾರೂ ಅದರ ಕಡೆ ನೋಡಲಿಲ್ಲ. ನನ್ನ ಕೆಲಸ ಟಪಾಲಿನದಾಗಿತ್ತು. ಈ ಕಡೆಯ ಮಾತನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ. ಹಿರಿಯಣ್ಣ ಕಲ್ಲಿನಿಂದ ಎದ್ದು ಬಂದು ಸೀಳಿದ ಟೈರನ್ನು ಕೊಡೆಯ ತುದಿಯಿಂದ ಕುಟ್ಟಿ ನೋಡಿದರು. ಅದನ್ನು ನೋಡಲಾರದೆ ಸಣ್ಣಪ್ಪ ಈ ಕಡೆಗೆ ಬಂದರು.

“ಕೊಡೆಲಿ ಕುಟ್ಟಿದ್ರೆ ಎಂತ ಗೊತ್ತಾಗ್ತದೆ? ಕೈ ಹಾಕ್ ನೋಡ್ಬೇಕು. ಅಣ್ಣಾ, ಬಿತ್ತನೆ ಸೌತೆಕಾಯಿ ಅಟ್ಟದ ಮೇಲೆ ಮುಂದಿನ್ ಮಳೆಗಾಲದವರ್ಗೂ ಇರಲ್ವಾ?”

“ಸೌತೆಕಾಯಿಗೆ ಗಾಳಿ ಹೊಡ್ದು ತೀರ್ಥಹಳ್ಳಿಗೆ ಓಡಿಸ್ತೀಯನಾ ನೀನು?”

ನಾನು ಹೇಳಲು ಬಾಯಿ ತೆರೆದೆ. ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಮಾತು ನೇರವಾಗಿ ಹೋಗಿ ತಲುಪಿತ್ತು. ಅವರಿಬ್ಬರಿಗೂ ಅದು ಗೊತ್ತಾಗಲಿಲ್ಲ. ಇಬ್ಬರೂ ಟೈರಿನ ಮೇಲೆ ಬಗ್ಗಿ, ಒಬ್ಬರು ಈ ತುದಿ ಜಗ್ಗಿದರೆ ಇನ್ನೊಬ್ಬರು ಆ ತುದಿ ಜಗ್ಗಿ ಬಿರುಕು ತೋರಿಸುತ್ತಿದ್ದರು.

ಗೊತ್ತಾದದ್ದು ದೇವಮ್ಮನಿಗೆ. ಅವರು ಸದ್ದು ಮಾಡದೆ ಎತ್ತಿನಗಾಡಿಯಿಂದ ಇಳಿದು ಮಾವನ ತೋಳು ಹಿಡಿದರು.

“ಈಗ ತೆಗಿ.”

“ಪರದೆ ಕಟ್ಬೇಕು ಅಮ್ಮ.”

“ನೀನು ಪರದೆ ಕಟ್ಟದ್ರೊಳಗೆ ಇವ್ರು ಬಾಯ್ ಮುಚ್ಚಿದ್ರೆ?”

ಅರಮನೆ, ಹಂಸಗಳಿಲ್ಲದೆ ಮಾವ ಫೋಟೋ ತೆಗೆದದ್ದು ಅವರ ವೃತ್ತಿಯಲ್ಲೇ ಮೊದಲು. ನಾನು ಒಳಗಿನಿಂದ ಕುರ್ಚಿ ತಂದು ಟೈರಿನ ಪಕ್ಕದಲ್ಲಿ ಇಟ್ಟೆ. ದೇವಮ್ಮ ಅದರಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಮಕ್ಕಳು ತಾಯಿಯ ಎರಡು ಬದಿಗೆ ಎದ್ದು ನಿಂತು, ಅವರ ತಲೆಯ ಮೇಲಿಂದ ವಾದ ಮುಂದುವರಿಸಿದರು. ಮರದ ನೆರಳು, ಮಾವನ ಹಳೆಯ ಕ್ಯಾಮೆರಾಕ್ಕೆ ಅಂಥ ಬೆಳಕಿನಲ್ಲಿ ಮುಚ್ಚಳ ತೆಗೆದು ನಿಧಾನವಾಗಿ ಮೂರು ಎಣಿಸಬೇಕು. ಅಲ್ಲಿಯವರೆಗೆ ಯಾರೂ ಮಿಸುಕಬಾರದು. ಕಪ್ಪು ಬಟ್ಟೆಯೊಳಗಿಂದ ಮಾವ ಅಲ್ಲಾಡಬೇಡಿ ಎಂದದ್ದು ದೇವಮ್ಮನಿಗೆ ಮಾತ್ರ ಕೇಳಿಸಿತು. ಅವರು ಕಲ್ಲಿನ ಹಾಗೆ ಕೂತರು. ಮಾವ ಎಣಿಸಿದರು.

ಬಟ್ಟೆ ಸರಿಸಿ ಹೊರಬಂದಾಗ ಮಾವನ ಮುಖ ಕೆಂಪಾಗಿತ್ತು. ವೃತ್ತಿಯ ಮಾನದ ಪ್ರಶ್ನೆ. “ಸ್ವಾಮಿ, ಇಬ್ರೂ ಸುಮ್ನೆ ನಿಂತ್ಕಳಿ” ಎಂದು ಜೋರಾಗಿಯೇ ಹೇಳಿದರು. ಇಬ್ಬರೂ ಬೆಚ್ಚಿ ನೆಟ್ಟಗೆ ನಿಂತರು. ಶರಟು ಜಗ್ಗಿಕೊಂಡರು. ಪಕ್ಕದಲ್ಲಿರುವವರು ಯಾರೆಂದು ಆಗ ಇಬ್ಬರಿಗೂ ನೆನಪಾಯಿತು. ಒಬ್ಬರು ಮರ ನೋಡಿದರು, ಒಬ್ಬರು ಎತ್ತು ನೋಡಿದರು. ಎರಡನೆಯ ಫೋಟೋದಲ್ಲಿ ಎಲೆಯೂ ಅಲ್ಲಾಡಲಿಲ್ಲ.

ಬಸ್ಸು ತಿರುಗಿ ಬಂತು. ಹಿರಿಯಣ್ಣ ತಾಯಿಯ ಕಾಲು ಮುಟ್ಟಿ ಹತ್ತಿದರು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಬಂತು. “ಹರಳೆಣ್ಣೆ” ಎಂದಿತು.

ಸಣ್ಣಪ್ಪ ಎತ್ತಿನ ಕಣ್ಣಿ ಬಿಚ್ಚುತ್ತ, ಎತ್ತಿಗೆ ಹೇಳುವ ಹಾಗೆ ಹೇಳಿದರು: “ಆ ಸೈಕಲ್ ಒಂದ್ಸಲ ಇಲ್ಲಿಗೆ ತರ್ಲಿ, ನೋಡಣ.”

ಶಿವಮೊಗ್ಗದಿಂದ ಹೊಸ ಟೈರು ಬರುವವರೆಗೆ ಕ್ಯಾರವಾನ್ ಅಲ್ಲೇ ಕಲ್ಲುಗಳ ಮೇಲೆ ನಿಂತಿತ್ತು. ಮೂರನ್ನೂ ಬದಲಾಯಿಸಿದೆವು, ಬಲಗಡೆಯದು ಇನ್ನೂ ಗಾಳಿ ಹಿಡಿದಿದೆಯಲ್ಲ ಎಂದು ಮಾವ ಕೊನೆಯ ಸಲ ಬಟನ್ ಹತ್ತಿರ ಹೋದರು, ಆಮೇಲೆ ತಾವೇ ಹಿಂದೆ ಬಂದರು. ಹೊಸ ಟೈರಿನ ಹುಟ್ಟಿದ ದಿನ ನನ್ನ ಡೈರಿಯಲ್ಲಿದ್ದರೆ ಸಾಲದೆಂದು ಚಕ್ರದ ಮೇಲಿನ ತಗಡಿನಲ್ಲಿ ಬಿಳಿ ಬಣ್ಣದಿಂದ ಬರೆದಿದ್ದೇನೆ. ಈ ಮಳೆಗಾಲಕ್ಕೆ ಗಾಡಿಯನ್ನು ದಿಮ್ಮಿಗಳ ಮೇಲೆ ನಿಲ್ಲಿಸಿ, ಟೈರಿಗೆ ಗಾಳಿ ತುಂಬಿ, ಗೋಣಿತಾಟು ಹೊದಿಸಿ, ಆಗಾಗ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬರುತ್ತಿದ್ದೇನೆ. ಒದ್ದೆಯಾದರೆ ಆಗಲಿ, ಮಳೆಯಿಂದ ಟೈರು ಸತ್ತದ್ದನ್ನು ಆ ಪುಸ್ತಕ ಎಲ್ಲಿಯೂ ಹೇಳಿಲ್ಲ. ಹಳೆಯ ಟೈರಿನಲ್ಲಿ ಒಂದನ್ನು ಅತ್ತೆ ಬಾವಿಯ ಹತ್ತಿರ ಕೊಡ ಇಡಲು ಹಾಕಿಕೊಂಡಿದ್ದಾರೆ. ಅದರ ಬಟನ್ ಇನ್ನೂ ಹಾಗೇ ಇದೆ ಎಂದು ಮಾವ ಹೇಳುವುದುಂಟು.

ಫೋಟೋ ತೊಳೆದಾಗ ಎರಡನೆಯದು ಮಾವ ಅಂದುಕೊಂಡ ಹಾಗೆಯೇ ಬಂದಿತ್ತು. ಮೂರು ಮುಖ, ಆರು ಕಣ್ಣು, ಎಲ್ಲವೂ ಸ್ಪಷ್ಟ. ಮೂರು ಬೇರೆ ಬೇರೆ ಊರಿನವರನ್ನು ತಂದು ನಿಲ್ಲಿಸಿದ ಹಾಗೆ. ಮೊದಲನೆಯದರಲ್ಲಿ ದೇವಮ್ಮ ಸ್ಪಷ್ಟ, ಕುರ್ಚಿ ಸ್ಪಷ್ಟ, ಟೈರು ಬಹಳ ಸ್ಪಷ್ಟ. ಮಕ್ಕಳು ಸೊಂಟದವರೆಗೆ ಇದ್ದರು. ಅದರ ಮೇಲೆ, ಕೈ ಮತ್ತು ಮುಖ ಇರಬೇಕಾದ ಕಡೆ, ಬರಿಯ ಬಿಳಿಯ ಮಸುಕು. ಮಾವ ಅದರ ಗಾಜಿನ ಪ್ಲೇಟನ್ನು ಒಡೆದುಹಾಕಲು ಹೊರಟಿದ್ದರು. ಟೈರಿನ ಬಿರುಕು ಅಷ್ಟು ಚೆನ್ನಾಗಿ ಬಂದಿದೆ, ನನಗೆ ದಾಖಲೆಗೆ ಬೇಕು ಎಂದು ಬೇಡಿ ಒಂದು ಪ್ರತಿ ಹಾಕಿಸಿಕೊಂಡೆ. ದೇವಮ್ಮನಿಗೆ ಫೋಟೋ ಕೊಡಲು ಹೋದಾಗ ನನ್ನ ಪ್ರತಿ ಅದೇ ಲಕೋಟೆಯಲ್ಲಿ ಉಳಿದಿತ್ತು.

ಅವರು ಎರಡನ್ನೂ ಹೊರಗೆ ತೆಗೆದು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಸ್ಪಷ್ಟವಾಗಿದ್ದುದನ್ನು ಮಾವನಿಗೆ ವಾಪಸು ಕೊಟ್ಟರು.

“ಅದು ಕೆಟ್ಟಿದ್ದು ಅಮ್ಮ, ಮುಖನೇ ಬಂದಿಲ್ಲ” ಎಂದರು ಮಾವ.

“ಮುಖ ನಾನು ಹೆತ್ತಾಗಿಂದ ನೋಡಿದೀನಿ ಬಿಡಪ್ಪ” ಎಂದು ದೇವಮ್ಮ ಫೋಟೋವನ್ನು ಸೆರಗಿನಿಂದ ಒರೆಸಿದರು.

ಈಗ ಅದು ಚೌಕಟ್ಟಿನಲ್ಲಿ, ಒಂದೇ ಮೊಳೆಯ ಮೇಲೆ, ಅವರ ಜಗಲಿಯಲ್ಲಿದೆ. ಮಾವ ಆ ಕಡೆ ಹೋದಾಗ ಅಂಗಳದಲ್ಲೇ ನಿಂತು ಮಾತಾಡಿಸುತ್ತಾರೆ, ಒಳಗೆ ಹೋಗುವುದಿಲ್ಲ. ನಾನು ಹೋಗಿದ್ದೆ. ಯಾರೋ ನೆಂಟರು ಬಂದಿದ್ದವರು ಅದರ ಮುಂದೆ ನಿಂತು, ಈ ಮುಖಗಳ ಹತ್ತಿರ ಬೆಳ್ಳಗೆ ಎಂತದು ಅಂಟಿಕೊಂಡಿದೆ ಅಜ್ಜಿ, ಎಂದು ಕೇಳುತ್ತಿದ್ದರು.

ದೇವಮ್ಮ ಎಲೆಗೆ ಸುಣ್ಣ ಸವರುತ್ತ ಹೇಳಿದರು. “ಅದು ಮಾತು.”